ಪೈಥಾನ್ ಕಲಿಯುವವರಿಗೆ: ವೇರಿಯಬಲ್ ಮೀನಿನ ಲೆಕ್ಕದಲ್ಲಿ ನೋಡಿ

ಗ್ರೂಪಿನಲ್ಲಿ ಈಗಷ್ಟೇ ಪೈಥಾನ್ ಶುರು ಮಾಡಿದವರು ಜಾಸ್ತಿ ಇದ್ದೀರಿ, ಅದಕ್ಕೆ ಇದು. ವೇರಿಯಬಲ್ (ಅಂದರೆ ಪ್ರೋಗ್ರಾಮಿನಲ್ಲಿ ಒಂದು ಸಂಖ್ಯೆಗೋ ಅಕ್ಷರಕ್ಕೋ ನಾವು ಇಡುವ ಹೆಸರು) ಅಂದರೇನು ಅಂತ ಸುಮ್ನೆ ಬಾಯಿಪಾಠ ಮಾಡಬೇಡಿ ಮಾರಾಯ್ರೇ, ಮಲ್ಪೆಯ ಮೀನಿನ ಲೆಕ್ಕ ಹಾಕಿ ನೋಡಿ.

ದರ = 200
ಕೆಜಿ = 2
ಮೊತ್ತ = ದರ * ಕೆಜಿ

ಹೌದು, ಪೈಥಾನ್ 3ರಲ್ಲಿ ಹೆಸರನ್ನು ಕನ್ನಡದಲ್ಲೇ ಇಡಬಹುದು, ಕೆಲಸಕ್ಕೆ ಸೇರಿದ ಮೇಲೆ ಬೇಕಾದರೆ ಇಂಗ್ಲಿಷ್ ಇಟ್ಟುಕೊಳ್ಳಿ. ಮೊತ್ತ 400 ಬರುತ್ತದೆ. ಈಗ ಕೆಳಗೆ ದರ = 250 ಅಂತ ಬರೆದು ಮೊತ್ತವನ್ನು ಮತ್ತೆ ಪ್ರಿಂಟ್ ಮಾಡಿ. 500 ಬರುವುದಿಲ್ಲ, 400ರಲ್ಲೇ ಇರುತ್ತದೆ! ಇಲ್ಲಿ = ಅಂದರೆ ಗಣಿತದ ಸಮ ಅಲ್ಲ, ಬಲಗಡೆ ಇರುವುದನ್ನು ಆಗಲೇ ಲೆಕ್ಕ ಮಾಡಿ, ಬಂದ ಉತ್ತರವನ್ನು ಎಡಗಡೆಯ ಹೆಸರಿಗೆ ಕೊಡು ಅಂತ ಅಷ್ಟೇ. ದರ ಬದಲಾದರೆ ಮೊತ್ತದ ಸಾಲನ್ನು ನೀವೇ ಇನ್ನೊಮ್ಮೆ ಬರೆಯಬೇಕು. ಎಕ್ಸೆಲ್ ಅಭ್ಯಾಸ ಇರುವವರು ಎಡವುವುದು ಇಲ್ಲೇ, ಅಲ್ಲಿ ಎಲ್ಲ ತನ್ನಿಂದ ತಾನೇ ಬದಲಾಗುತ್ತದೆ ಅಲ್ವಾ.

ಇನ್ನೊಂದು, ಇನ್‌ಪುಟ್‌ನಿಂದ (ಅಂದರೆ input() ಬಳಸಿ ಕೀಬೋರ್ಡಿನಲ್ಲಿ ಟೈಪ್ ಮಾಡಿಸಿ) ಬಂದದ್ದು ಸಂಖ್ಯೆಯಂತೆ ಕಂಡರೂ ಪೈಥಾನ್‌ಗೆ ಅದು ಬರೀ ಅಕ್ಷರ. 2 ಮತ್ತು 3 ಟೈಪ್ ಮಾಡಿ ಕೂಡಿಸಿದರೆ 23 ಅಂತ ತೋರಿಸುತ್ತದೆ. ಮೊದಲು ಇಂಟ್, ಅಂದರೆ int() ಹಾಕಿ ಪೂರ್ಣ ಸಂಖ್ಯೆಗೆ ಬದಲಿಸಿಕೊಳ್ಳಿ. ಅರ್ಧ ಕೆಜಿ ಬಂಗುಡೆ ಆದರೆ 0.5ರಂಥ ದಶಮಾಂಶಕ್ಕೆ ಫ್ಲೋಟ್, ಅಂದರೆ float() ಬೇಕು.