ಸರಿ ಬಂದ ಪದಕ್ಕೆ ಟಿಕ್ ಹಾಕಿ ಬಿಡಬೇಡಿ

ಜರ್ಮನ್ ಕ್ಲಾಸಿಗೆ ಸೇರಿದ್ದೀರಿ, ಪದಗಳ ಪಟ್ಟಿ ನೋಡಿದರೆ ತಲೆ ತಿರುಗುತ್ತದೆ, ಅಲ್ವಾ? ನಾವೆಲ್ಲ ಮಾಡುವುದು ಒಂದೇ. ಪಟ್ಟಿಯನ್ನು ಮತ್ತೆ ಮತ್ತೆ ಓದುತ್ತೇವೆ, ಬಾಯಿಗೆ ಬಂದ ಪದಕ್ಕೆ ಟಿಕ್ ಹಾಕಿ, ಬಾರದವನ್ನಷ್ಟೇ ಉರು ಹೊಡೆಯುತ್ತೇವೆ. ಎಡವಟ್ಟು ಆ ಟಿಕ್ಕಿನಲ್ಲೇ ಇದೆ.

2008ರಲ್ಲಿ ಜೆಫ್ರಿ ಕಾರ್ಪಿಕಿ ಮತ್ತು ಹೆನ್ರಿ ರೋಡಿಗರ್ ಎಂಬ ಮನಶ್ಶಾಸ್ತ್ರಜ್ಞರು ಅಮೆರಿಕದ ಕಾಲೇಜು ಹುಡುಗರಿಗೆ ಆಫ್ರಿಕಾದ ಸ್ವಾಹಿಲಿ ಭಾಷೆಯ 40 ಪದ ಕಲಿಸಿದರು. ಮಶುವಾ ಅಂದರೆ ದೋಣಿ, ಹೀಗೆ. ಒಂದು ಸಲ ಸರಿ ಹೇಳಿದ ಪದವನ್ನು ಕೆಲವರಿಗೆ ಮತ್ತೆ ಓದಲು ಮಾತ್ರ ಕೊಟ್ಟರು, ಪ್ರಶ್ನೆ ಕೇಳಲಿಲ್ಲ. ಇನ್ನು ಕೆಲವರಿಗೆ ಓದಲು ಕೊಡದೆ ಬರೀ ಪ್ರಶ್ನೆ ಕೇಳುತ್ತಲೇ ಹೋದರು. ವಾರದ ನಂತರ ನೋಡಿದರೆ ಓದಿದವರಿಗೆ ನೆನಪಿದ್ದದ್ದು ಶೇ. 36, ಪ್ರಶ್ನೆಗೆ ಉತ್ತರಿಸಿದವರಿಗೆ ಸುಮಾರು ಶೇ. 80. ತಮಾಷೆ ಅಂದರೆ, ನಿಮಗೆಷ್ಟು ನೆನಪಿರಬಹುದು ಅಂತ ಮೊದಲೇ ಕೇಳಿದಾಗ ಎಲ್ಲ ಗುಂಪಿನವರೂ ಹತ್ತಿರ ಹತ್ತಿರ ಅರ್ಧ ಅಂದಿದ್ದರು. ಅಂದರೆ 'ನಂಗೆ ಬರುತ್ತೆ' ಅನ್ನುವ ಧೈರ್ಯವನ್ನು ಜಾಸ್ತಿ ನಂಬಬೇಡಿ.

ಹಾಗಾದರೆ ಹೀಗೆ ಮಾಡಿ. ಒಂದು ಕಡೆ ಕನ್ನಡ, ಹಿಂದೆ ಜರ್ಮನ್ ಬರೆದು ಕಾರ್ಡ್ ಮಾಡಿಕೊಳ್ಳಿ. ಕನ್ನಡ ನೋಡಿ, ಜರ್ಮನ್ ಪದವನ್ನು ಜೋರಾಗಿ ಹೇಳಿ, ಆಮೇಲೆ ತಿರುಗಿಸಿ. ತಕ್ಷಣ ಹೊಳೆಯದಿದ್ದರೆ ಕೂಡಲೇ ತಿರುಗಿಸಬೇಡಿ, ಸ್ವಲ್ಪ ತಿಣುಕಾಡಿ, ಲಾಭ ಇರುವುದೇ ಅಲ್ಲಿ. ಸರಿ ಬಂದರೂ ತಪ್ಪಾದರೂ ಕಾರ್ಡ್ ಕಟ್ಟಿನ ತಳಕ್ಕೆ ಹೋಗಲಿ, ಪಕ್ಕಕ್ಕೆ ಅಲ್ಲ. ಐದೈದು ಕಾರ್ಡಿನ ಪುಟ್ಟ ಕಟ್ಟು ಸುಲಭ ಅನ್ನಿಸುತ್ತದೆ, ಆದರೆ ಇಪ್ಪತ್ತರ ಕಟ್ಟೇ ಒಳ್ಳೆಯದು, ಯಾಕೆಂದರೆ ಅದೇ ಪದ ಮತ್ತೆ ಬರುವಷ್ಟರಲ್ಲಿ ಅರ್ಧ ಮರೆತಿರುತ್ತೀರಿ, ಆಗ ನಿಜವಾಗಿಯೂ ನೆನಪಿಸಿಕೊಳ್ಳಬೇಕಾಗುತ್ತದೆ. ನಾಳೆ ಅದೇ ಕಟ್ಟು, ಮೂರು ದಿನ ಬಿಟ್ಟು ಮತ್ತೆ, ವಾರ ಬಿಟ್ಟು ಮತ್ತೆ.

ಎಷ್ಟು ಸಲ ಕೇಳಿಕೊಂಡರೂ ಬಾರದ ಮೊಂಡು ಪದಗಳಿಗೆ ಬೇರೆ ಉಪಾಯ ಇದೆ. 1975ರಲ್ಲಿ ಮನಶ್ಶಾಸ್ತ್ರಜ್ಞ ರಿಚರ್ಡ್ ಅಟ್ಕಿನ್ಸನ್ ಮತ್ತು ಅವರ ಸಹೋದ್ಯೋಗಿ ರಷ್ಯನ್ ಪದಗಳ ಮೇಲೆ ಇದನ್ನು ಪ್ರಯೋಗಿಸಿದರು: ಹೊಸ ಪದದ ಹಾಗೇ ಕೇಳಿಸುವ ನಿಮ್ಮ ಭಾಷೆಯ ಪದ ಹಿಡಿದು, ಎರಡನ್ನೂ ಸೇರಿಸಿ ಒಂದು ಚಿತ್ರ ಕಟ್ಟುವುದು. ಜರ್ಮನ್‌ನಲ್ಲಿ ಬಾತುಕೋಳಿಗೆ ಎಂಟೆ. ಎಂಟು ಬಾತುಕೋಳಿ ಸಾಲಾಗಿ ಎಂ.ಜಿ. ರಸ್ತೆ ದಾಟುತ್ತಿವೆ ಅಂದುಕೊಳ್ಳಿ, ಮುಗೀತು. ಆದರೆ ಎಲ್ಲ ಪದಕ್ಕೂ ಚಿತ್ರ ಹುಡುಕುತ್ತಾ ಕೂತರೆ ಸುಮ್ನೆ ಸಮಯ ಹಾಳು.

ಇನ್ನೊಂದು, ಕಾರ್ಡಿನಲ್ಲಿ ಬರೀ ಎಂಟೆ ಅಂತ ಬರೆಯಬೇಡಿ, 'ಡೀ ಎಂಟೆ' ಅಂತ ಆರ್ಟಿಕಲ್ (ನಾಮಪದದ ಮುಂದೆ ಬಂದು ಅದರ ಲಿಂಗ ತೋರಿಸುವ ಪುಟ್ಟ ಪದ, ಇಲ್ಲಿ 'ಡೀ') ಸಮೇತ ಬರೆಯಿರಿ. ಅದನ್ನು ಆಮೇಲೆ ಬೇರೆಯಾಗಿ ಕಲಿಯುವುದು ದೊಡ್ಡ ತಲೆನೋವು.