ಪಲ್ಯದ ಪುಂಡಿ ಹೂವಿನಂಗಡಿಗೆ ಹೋದದ್ದು

ಪುಂಡಿಪಲ್ಯವನ್ನು ಹೂದಾನಿಯಲ್ಲಿ ಯಾರು ಇಡುತ್ತಾರೆ ಎಂದು ನಕ್ಕವರೇ ಈಗ ತುಳಸಿ ಲಗ್ನಕ್ಕೆ ಮುಂಚೆ ಅಲಂಕಾರಕ್ಕೆ ಕೆಂಪು ಕಾಯಿಯ ಪುಂಡಿ ಕಡ್ಡಿ ಎಷ್ಟಿದೆ ಎಂದು ಫೋನ್ ಮಾಡುತ್ತಾರೆ.

ನಾರಿಗೆಂದು ಬೆಳೆಯುವ ಜಾತಿ ಇದಕ್ಕೆ ಬೇಡ. ಕವಲೊಡೆಯದೆ ಉದ್ದಕ್ಕೆ ಹೋಗುತ್ತದೆ, ಕಾಯಿಯ ಹೊದಿಕೆ ತೆಳು. ಸಂತೆಯ ಬೀಜದಲ್ಲಿ ಹಸಿರು, ಕೆಂಪು ಬೆರೆತಿರುತ್ತವೆ. ದಪ್ಪ ಕೆಂಪು ಕಾಯಿಯ ಗಿಡದ್ದನ್ನೇ ಬೀಜಕ್ಕೆ ಬಿಡಬೇಕು.

ಜೂನ್‌ನಲ್ಲಿ ಬಿತ್ತಿದ್ದು ಆಳೆತ್ತರ ಬೆಳೆದು ಗಾಳಿಗೆ ವಾಲಿತು, ಕಡ್ಡಿ ಹೂದಾನಿಗೆ ಹಿಡಿಸದಷ್ಟು ದಪ್ಪ. ಹಗಲು ಕುಗ್ಗಿದ ಮೇಲೆಯೇ ಹೂ ಬಿಡುವ ಗಿಡ ಇದು. ಬೇಗ ಬಿತ್ತಿದರೆ ಸೌದೆ ಹೆಚ್ಚುತ್ತದೆ, ಹೂ ಬೇಗ ಬರುವುದಿಲ್ಲ. ಜುಲೈ ಕೊನೆಯ ಬಿತ್ತನೆ ಎದೆಯೆತ್ತರಕ್ಕೆ ನಿಂತು ನವೆಂಬರ್‌ಗೆ ಕಾಯಿ ತುಂಬುತ್ತದೆ. ಬೀದಿದೀಪದ ಬೆಳಕು ಬೀಳುವ ಸಾಲು ಮಾತ್ರ ಎಲೆಯಲ್ಲೇ ಉಳಿಯಿತು. ಅಂತರ ಒಂದೂವರೆ ಅಡಿ; ಒತ್ತಾಗಿದ್ದರೇ ಕಡ್ಡಿ ನೆಟ್ಟಗೆ. ಏಳೆಂಟು ಎಲೆಗೆ ಕುಡಿ ಚಿವುಟಿದರೆ ನಾಲ್ಕೈದು ಕವಲು, ಚಿವುಟಿದ್ದು ಪಲ್ಯಕ್ಕೆ. ಯೂರಿಯಾ ಜಾಸ್ತಿಯಾದರೆ ಕಾಯಿ ದೂರದೂರ ಕೂರುತ್ತವೆ.

ಹೆಚ್ಚು ನಷ್ಟ ಹಿಟ್ಟುತಿಗಣೆಯಿಂದ. ಕಾಯಿಯ ಸಂದಿಗೆ ಹೊಕ್ಕರೆ ಯಾವ ಸಿಂಪಡಣೆಯೂ ತಾಗದು. ತಿಗಣೆಯ ಸಿಹಿ ಅಂಟಿಗೆ ಇರುವೆ ಹತ್ತುವುದು ಕಂಡಾಗಲೇ, ಮೊಗ್ಗಿಗೆ ಮುಂಚೆ, ಸಾಬೂನು ನೀರು ಹೊಡೆಯಬೇಕು. ಅಡುಗೆಗೂ ಹೋಗುವ ಬೆಳೆ, ವಿಷ ಹೊಡೆಯುವ ಮಾತಿಲ್ಲ.

ಕೆಳಗಿನ ಕಾಯಿ ತುಂಬಿ ತುದಿ ಇನ್ನೂ ಮೊಗ್ಗಾಗಿರುವಾಗ ನಸುಕಿನಲ್ಲಿ ಕತ್ತರಿಸಿ. ಎಳೆಯದಾದರೆ ತುದಿ ಜೋಲುತ್ತದೆ, ತಡವಾದರೆ ಕಾಯಿ ಬಿರಿದು ಬೀಜ ಚೆಲ್ಲುತ್ತದೆ. ಕುಡುಗೋಲು ಬೇಡ, ನಾರು ಸೀಳುತ್ತದೆ, ಕತ್ತರಿಯೇ ಸರಿ. ಎಲೆ ಗಂಟೆಯೊಳಗೆ ಬಾಡಿ ಇಡೀ ಕಡ್ಡಿಯ ಅಂದ ಕೆಡಿಸುವುದರಿಂದ ಹೊಲದಲ್ಲೇ ಅಷ್ಟೂ ಸವರಿ, ನೆರಳಲ್ಲಿ ಮೂರ್ನಾಲ್ಕು ಗಂಟೆ ಅರ್ಧ ಬಕೆಟ್ ನೀರಲ್ಲಿ ನಿಲ್ಲಿಸಿ. ಆ ನೀರಿಗೆ ನಾನು ಹಾಕುವುದೇನು ಎಂಬುದು ನನ್ನಲ್ಲೇ ಇರಲಿ. ದಿನ ಬಿಟ್ಟು ದಿನ ನೀರು ಬದಲಿಸಿದರೆ ವಾರದ ಮೇಲೂ ಕೆಂಪು ಮಾಸುವುದಿಲ್ಲ. ಒದ್ದೆಯಲ್ಲೇ ಕಟ್ಟಿ ಕಳಿಸಿದ್ದು ಮಾತ್ರ ದಾರಿಯಲ್ಲೇ ಬೂಷ್ಟು ಹಿಡಿದಿತ್ತು.

ಎರಡಡಿಯ ಹತ್ತು ಕಡ್ಡಿಯ ಕಟ್ಟಿಗೆ ಎಪ್ಪತ್ತು, ಮದುವೆಯ ದಿನಗಳಲ್ಲಿ ನೂರರ ಹತ್ತಿರ. ಬೀಜ, ಗೊಬ್ಬರದ ಖರ್ಚು ಲೆಕ್ಕಕ್ಕಿಲ್ಲ. ಎಲೆ ಸವರುವ ಕೂಲಿಗೇ ಹುಟ್ಟುವಳಿಯ ಮೂರನೇ ಒಂದು ಪಾಲು ಹೋಗುತ್ತದೆ.

ಪಕ್ಕದಲ್ಲಿ ಕೆಂಪು ರಾಜಗಿರಿಯನ್ನೂ ಹಾಕಿದ್ದೆ. ನೋಡಲು ಭಾರೀ ಚೆಂದ, ಆದರೆ ಮೇಜಿನ ಬಿಳಿ ಬಟ್ಟೆಯ ಮೇಲೆ ಪುಡಿ ಉದುರಿಸುತ್ತದೆಂದು ಅಲಂಕಾರದವರು ವಾಪಸ್ ಕಳಿಸಿದರು.

ಸೊಟ್ಟ ಕಡ್ಡಿಯ ಕಾಯಿ ಅಡುಗೆಮನೆಗೆ. ಬುಡದಿಂದ ಸ್ಟೀಲ್ ಕೊಳವೆ ಒತ್ತಿದರೆ ಬೀಜಗಂಟು ಆಚೆ ಬರುತ್ತದೆ. ಉಳಿದ ಕೆಂಪು ಹೊದಿಕೆಯನ್ನು ಒಣಗಿಸಿದರೆ ಹತ್ತು ಕಿಲೋಗೆ ಸುಮಾರು ಒಂದು ಕಿಲೋ. ಶರಬತ್ತಿಗೆ ಅದೇ ಸಾಕು. ಜಾಮ್‌ಗೆ ಹಸಿಯದೇ ಬೇಕು, ಪೆಕ್ಟಿನ್ ಹಾಕದೆಯೇ ಗಟ್ಟಿಯಾಗುತ್ತದೆ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಮಾತ್ರ ಕುದಿಸಬೇಡಿ, ಹುಳಿ ಪಾತ್ರೆಯನ್ನೇ ತಿನ್ನುತ್ತದೆ.