ಮಂಜಿನಲ್ಲಿ ಟ್ಯಾಕ್ಸಿ: ಇಳಿದ ಮೇಲೆ ಶುರುವಾಗುವ ಕೆಲಸ

ನಾನು ಪೈಲಟ್ ಅಂತ ಗೊತ್ತಾದರೆ ಬೆಂಗಳೂರಿನಲ್ಲಿ ಎಲ್ಲರೂ ಕೇಳುವುದು ಒಂದೇ: "ಮಂಜಿನಲ್ಲಿ ಹೇಗೆ ಇಳಿಸುತ್ತೀರಿ?" ಇಳಿದ ಮೇಲೆ ಏನು ಮಾಡುತ್ತೀರಿ ಅಂತ ಯಾರೂ ಕೇಳುವುದಿಲ್ಲ. ನನ್ನ ಪ್ರಕಾರ ಕಷ್ಟ ಇರುವುದೇ ಅಲ್ಲಿ, ವಿಮಾನವನ್ನು ನೆಲದ ಮೇಲೆ ಓಡಿಸುವುದರಲ್ಲಿ. ಅದಕ್ಕೆ ನಾವು ಟ್ಯಾಕ್ಸಿ ಅನ್ನುತ್ತೇವೆ.

ನಮ್ಮ ಕೆಂಪೇಗೌಡ ವಿಮಾನ ನಿಲ್ದಾಣದ ದಕ್ಷಿಣ ರನ್‌ವೇ 2019ರ ಡಿಸೆಂಬರ್‌ನಲ್ಲಿ ಶುರುವಾಯಿತು. ಅಲ್ಲಿ ದಟ್ಟ ಮಂಜಿನಲ್ಲೂ ಇಳಿಯಲು ನೆರವಾಗುವ ಕ್ಯಾಟ್ 3ಬಿ ವ್ಯವಸ್ಥೆ ಬಂದ ಮೇಲೆ ರನ್‌ವೇಯಲ್ಲಿ 50 ಮೀಟರ್ ಕಂಡರೂ ಇಳಿಯಬಹುದು, ಹೊರಡುವುದಕ್ಕೆ 125 ಮೀಟರ್ ಸಾಕು. ಅಷ್ಟು ದಟ್ಟ ಮಂಜಿನಲ್ಲಿ ಇಳಿಸುವುದು ಆಟೋಪೈಲಟ್. ನೆಲ ಮುಟ್ಟಿದ ಮೇಲೂ ರನ್‌ವೇ ನಡುಗೆರೆ ಬಿಡದೆ ಓಡಿಸುತ್ತದೆ. ಆದರೆ ರನ್‌ವೇ ಬಿಟ್ಟು ಪಕ್ಕಕ್ಕೆ ತಿರುಗಿದ ಮೇಲೆ ಯಾವ ಆಟೋಪೈಲಟ್ಟೂ ಇಲ್ಲ. ಬೇ, ಅಂದರೆ ವಿಮಾನ ನಿಲ್ಲಿಸುವ ಜಾಗ ತಲುಪುವವರೆಗೆ ಎಲ್ಲವೂ ನನ್ನ ಕಣ್ಣು, ಮತ್ತೆ ಎಡಗೈಯಲ್ಲಿ ಹಿಡಿದ ಟಿಲ್ಲರ್, ಅಂದರೆ ಮೂಗಿನ ಚಕ್ರ ತಿರುಗಿಸುವ ಹಿಡಿ.

ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಜಾವ ಡ್ಯೂಟಿಗೆ ಹೊರಟರೆ ಹೆಬ್ಬಾಳದಲ್ಲಿ ಆಕಾಶ ತಿಳಿಯಾಗಿರುತ್ತದೆ. ಯಲಹಂಕ ದಾಟಿ ಸಾದಹಳ್ಳಿ ಟೋಲ್ ಹತ್ತಿರ ಬರುವಷ್ಟರಲ್ಲಿ ಮುಂದಿನ ಕಾರಿನ ಕೆಂಪು ದೀಪ ಬಿಟ್ಟರೆ ಏನೂ ಕಾಣುವುದಿಲ್ಲ. ಹಿಂಗಾರು ಮಳೆಗೆ ನೆಂದ ನೆಲ, ಮೋಡ ಇಲ್ಲದ ರಾತ್ರಿ, ಗಾಳಿ ಸುಮ್ನೆ ನಿಂತುಬಿಟ್ಟರೆ ದೇವನಹಳ್ಳಿ ಕಡೆ ಮಂಜು ಕಟ್ಟುತ್ತದೆ. ದಿಲ್ಲಿಯ ಹಾಗೆ ದಿನಗಟ್ಟಲೆ ಕೂರುವುದಿಲ್ಲ, ಬಿಸಿಲೇರಿದರೆ ಕರಗುತ್ತದೆ. ಕರಗುವ ಹೊತ್ತಿನಲ್ಲೇ ಎಚ್ಚರ ಜಾಸ್ತಿ ಬೇಕು. ಮಂಜು ತೇಪೆ ತೇಪೆಯಾಗಿ ಸರಿಯುತ್ತಿರುತ್ತದೆ. ಈ ತುದಿಯಲ್ಲಿ ದೂರದವರೆಗೆ ಕಾಣುತ್ತದೆ, ಆ ತುದಿಗೆ ಹೋದರೆ ಮತ್ತೆ ಏನೂ ಇಲ್ಲ.

ಬೇಯಿಂದ ವಿಮಾನವನ್ನು ಹಿಂದಕ್ಕೆ ತಳ್ಳುವ ಪುಶ್‌ಬ್ಯಾಕ್‌ಗೆ ಮೊದಲೇ ನಾನು, ಕೋ-ಪೈಲಟ್ ಇಬ್ಬರೂ ನಿಲ್ದಾಣದ ಚಾರ್ಟ್ ತೆಗೆದು ದಾರಿಯ ಮೇಲೆ ಬೆರಳಿಟ್ಟು ಹೋಗುತ್ತೇವೆ. ಯಾವ ತಿರುವು, ಅಲ್ಲಿ ಎಡಕ್ಕೋ ಬಲಕ್ಕೋ, ಎಲ್ಲಿ ನಿಲ್ಲಬೇಕು. ವಿಮಾನ ಚಲಿಸುವಾಗ ನಾನು ಹೊರಗೆ ನೋಡುತ್ತೇನೆ, ಕೋ-ಪೈಲಟ್ ಚಾರ್ಟ್ ನೋಡಿ ಮುಂದಿನ ತಿರುವು ಹೇಳುತ್ತಾರೆ. ಚೆಕ್‌ಲಿಸ್ಟ್ ಓದಬೇಕಾದರೆ ನಿಲ್ಲಿಸಿ, ಪಾರ್ಕಿಂಗ್ ಬ್ರೇಕ್ ಹಾಕಿಯೇ ಓದುತ್ತೇವೆ. ಟ್ಯಾಕ್ಸಿ ಮಾಡುತ್ತಾ ಇಬ್ಬರೂ ತಲೆ ತಗ್ಗಿಸುವುದನ್ನು ನಾನು ಒಪ್ಪುವುದೇ ಇಲ್ಲ.

ಇನ್ನು ದೀಪ ಎಣಿಸುವ ವಿಷಯ. ರನ್‌ವೇಗೂ ಬೇಗೂ ನಡುವಿನ ದಾರಿಯೇ ಟ್ಯಾಕ್ಸಿವೇ. ದಟ್ಟ ಮಂಜಿನಲ್ಲೂ ಬಳಸುವ ಟ್ಯಾಕ್ಸಿವೇಯಲ್ಲಿ ನಡುಗೆರೆಯ ಹಸಿರು ದೀಪಗಳ ಮಧ್ಯೆ 15 ಮೀಟರ್‌ಗಿಂತ ಜಾಸ್ತಿ ಅಂತರ ಇರಬಾರದು ಅಂತ ಅಂತರರಾಷ್ಟ್ರೀಯ ನಿಯಮವಿದೆ. ಮುಂದೆ ಐದು ದೀಪ ಕಂಡರೆ ಸುಮಾರು 75 ಮೀಟರ್ ಕಾಣುತ್ತಿದೆ ಅಂತ ಲೆಕ್ಕ. ಮೂರಕ್ಕೆ ಇಳಿದರೆ ಇನ್ನೂ ನಿಧಾನ ಮಾಡುತ್ತೇನೆ. ಮಂಜಿನಲ್ಲಿ ಪಕ್ಕದಲ್ಲಿ ಸರಿದುಹೋಗುವ ಹುಲ್ಲು, ಬೋರ್ಡು ಕಾಣದೆ ವೇಗದ ಅಂದಾಜೇ ತಪ್ಪುತ್ತದೆ. ಹತ್ತು ನಾಟ್ ಅನ್ನಿಸಿದ್ದು ಇಪ್ಪತ್ತು ಆಗಿರುತ್ತದೆ. ಅದಕ್ಕೆ ಪರದೆಯ ಮೇಲಿನ ಗ್ರೌಂಡ್ ಸ್ಪೀಡನ್ನೇ ನಂಬಬೇಕು. ಮೂಗಿನ ದೀಪವನ್ನೂ ಎಷ್ಟೋ ಸಲ ಆರಿಸುತ್ತೇನೆ. ನಂದಿ ಬೆಟ್ಟದ ರಸ್ತೆಯಲ್ಲಿ ಮಂಜಿದ್ದಾಗ ಹೈ ಬೀಮ್ ಹಾಕಿದರೆ ಎದುರಿಗೆ ಬಿಳಿ ಗೋಡೆ ನಿಲ್ಲುತ್ತದಲ್ವಾ, ಇಲ್ಲೂ ಹಾಗೆಯೇ.

ದಿಕ್ಸೂಚಿಯನ್ನೂ ಬಿಡಬಾರದು. ನಮ್ಮ ಎರಡೂ ರನ್‌ವೇ ಪೂರ್ವ-ಪಶ್ಚಿಮ. ಅದರ ಪಕ್ಕದ ಟ್ಯಾಕ್ಸಿವೇಯಲ್ಲಿ ಪೂರ್ವಕ್ಕೆ ಹೋಗುತ್ತಿದ್ದರೆ ಹೆಡಿಂಗ್, ಅಂದರೆ ಮೂಗು ನೋಡುವ ದಿಕ್ಕು, 90 ಡಿಗ್ರಿಯ ಆಸುಪಾಸು ಇರಬೇಕು. ಇಲ್ಲದಿದ್ದರೆ ಎಲ್ಲೋ ತಪ್ಪಿದೆ.

2001ರ ಅಕ್ಟೋಬರ್ 8ರಂದು ಮಿಲಾನ್‌ನ ಲಿನಾಟೆಯಲ್ಲಿ ಮಂಜಿತ್ತು. ಆರ್5 ಅನ್ನುವ ಟ್ಯಾಕ್ಸಿವೇ ಹಿಡಿಯಬೇಕಿದ್ದ ಸಣ್ಣ ಜೆಟ್ ಒಂದು ಆರ್6 ಹಿಡಿದು ರನ್‌ವೇಗೆ ಬಂದುಬಿಟ್ಟಿತು. ಟೇಕಾಫ್ ಆಗುತ್ತಿದ್ದ ವಿಮಾನ ಅದಕ್ಕೆ ಬಡಿದು 118 ಜನ ಸತ್ತರು. ನೆಲದ ರೇಡಾರ್ ಆಗ ಕೆಲಸ ಮಾಡುತ್ತಿರಲಿಲ್ಲ. ಹೊಸಬರಿಗೆ ನಾನು ಇದನ್ನು ತಪ್ಪದೆ ಹೇಳುತ್ತೇನೆ.

ಬೇರೊಂದು ಊರಿನಲ್ಲಿ ಒಂದು ಬೆಳಿಗ್ಗೆ ರನ್‌ವೇಗೆ ಹೋಗಲು ಅನುಮತಿ ಸಿಕ್ಕಿತ್ತು, ಆದರೆ ಎದುರಿನ ಸ್ಟಾಪ್ ಬಾರ್‌ನ, ಅಂದರೆ ರನ್‌ವೇಗೆ ಮುಂಚೆ ನಿಲ್ಲಿ ಅನ್ನುವ ಅಡ್ಡಸಾಲಿನ, ಕೆಂಪು ದೀಪಗಳು ಆರಿರಲಿಲ್ಲ. ಪಕ್ಕದಲ್ಲಿದ್ದ ಕೋ-ಪೈಲಟ್, ಹಾಸನದ ಹುಡುಗ, "ಮೇಡಂ, ಕ್ಲಿಯರೆನ್ಸ್ ಕೊಟ್ಟಿದ್ದಾರೆ, ಆದ್ರೆ ಕೆಂಪು ಇದೆ. ಕೇಳ್ಲಾ?" ಅಂದ. "ಕೇಳಪ್ಪ, ಅಲ್ಲಿವರೆಗೂ ಅಲ್ಲಾಡಲ್ಲ" ಅಂದೆ. ಹಿಂದೆ ಸಾಲು ನಿಂತಿತ್ತು. ದೀಪ ಆರಿ, ಟವರ್ ಇನ್ನೊಮ್ಮೆ ಹೇಳಿದ ಮೇಲೆಯೇ ಹೊರಟೆವು. ಅವನು ಬಾಯಿ ಬಿಟ್ಟು ಕೇಳಿದ್ದು ನನಗೆ ತುಂಬಾ ಖುಷಿ ಕೊಟ್ಟಿತು. ಜೂನಿಯರ್ ಸುಮ್ಮನಿರುವ ಕಾಕ್‌ಪಿಟ್ ಮಂಜಿನಲ್ಲಿ ಅಪಾಯ.

ಹಿಮದ ಪಾಠ ಕಲಿತದ್ದು ಚಳಿಗಾಲದಲ್ಲಿ ಶ್ರೀನಗರಕ್ಕೆ ಹೋಗುವಾಗ. ಬೆಂಗಳೂರಿನ ಮಂಜಿನಲ್ಲಿ ನೆಲ ಹಿಡಿತ ಕೊಡುತ್ತದೆ, ಹಳದಿ ಗೆರೆಯೂ ಇರುತ್ತದೆ. ಹಿಮ ಗೆರೆಯನ್ನೇ ಮುಚ್ಚುತ್ತದೆ. ಗೆರೆ ಕಾಣದಿದ್ದರೆ ಫಾಲೋ-ಮೀ ಗಾಡಿ ಕೇಳಿ ಅದರ ಹಿಂದೆ ಹೋಗುವುದೇ ಸರಿ. ತಿರುವಿಗೆ ಬಹಳ ಮೊದಲೇ ವೇಗ ಇಳಿಸಬೇಕು. ಟಿಲ್ಲರ್ ತಿರುಗಿಸಿದರೂ ಮೂಗು ನೇರಕ್ಕೇ ಜಾರುತ್ತಿದ್ದರೆ ಕೈ ಇನ್ನೂ ಜಾಸ್ತಿ ತಿರುಗಿಸಬೇಕು ಅನ್ನಿಸುತ್ತದೆ. ಮಾಡಬೇಕಾದ್ದು ಅದಕ್ಕೆ ವಿರುದ್ಧ: ಟಿಲ್ಲರ್ ಸ್ವಲ್ಪ ಸಡಿಲಿಸಿ ಚಕ್ರಕ್ಕೆ ಮತ್ತೆ ಹಿಡಿತ ಸಿಗಲು ಬಿಡುವುದು. ಮುಂದಿನ ವಿಮಾನದಿಂದಲೂ ದೂರ ಇರಬೇಕು, ಅದರ ಎಂಜಿನ್ ಗಾಳಿ ಕೆಸರು ಹಿಮವನ್ನು ನಮ್ಮ ಮೇಲೆ ಎರಚುತ್ತದೆ.

ಎಂಜಿನ್‌ನಲ್ಲಿ ಐಸ್ ಕಟ್ಟದಂತೆ ತಡೆಯುವ ಎಂಜಿನ್ ಆಂಟಿ-ಐಸ್ ನಾನು ಓಡಿಸುವ ಎ320 ವಿಮಾನದಲ್ಲಿ 10 ಡಿಗ್ರಿ ಅಥವಾ ಕಡಿಮೆ ಇದ್ದು, ಮಂಜೋ ಹಿಮವೋ ಇದ್ದರೆ ಹಾಕಲೇಬೇಕು. ಬೆಂಗಳೂರಿನಲ್ಲಿ ಅಷ್ಟು ಚಳಿ ಅಪರೂಪ, ಶ್ರೀನಗರದ ಚಳಿಗಾಲದಲ್ಲಿ ಆಗಾಗ ಬೇಕು. ರೆಕ್ಕೆಯ ಹಿಂಬದಿಯಿಂದ ಹೊರಚಾಚುವ ಫ್ಲಾಪ್ ವಿಷಯವೂ ಬೇರೆ. ಹೊರಡುವಾಗ ಚಕ್ರ ಎರಚಿದ ಹಿಮ ಅಂಟದಿರಲಿ ಅಂತ ರನ್‌ವೇ ಹತ್ತಿರ ಹೋಗುವವರೆಗೆ ಫ್ಲಾಪ್ ಒಳಗೇ ಇರುತ್ತದೆ. ಇಳಿದು ಬರುವಾಗ ಹೊರಗೇ ಬಿಡುತ್ತೇವೆ. ಬೇಯಲ್ಲಿ ಎಂಜಿನಿಯರ್ ಬಂದು, ಸಂದಿಯಲ್ಲಿ ಐಸ್ ಇಲ್ಲ ಅಂತ ನೋಡಿ ಹೇಳಿದ ಮೇಲೆಯೇ ಅದನ್ನು ಒಳಕ್ಕೆ ಎಳೆಯುತ್ತೇವೆ.